ಮಣ್ಣೆತ್ತು ಯಾರದು?

2023ರ ಜೂನ್ 18ರ ಭಾನುವಾರ ಎರಡು ಹಬ್ಬಗಳು ಒಂದೇ ದಿನ ಬಿದ್ದವು. ಒಂದು ಜ್ಯೇಷ್ಠ ಮಾಸದ ಅಮಾವಾಸ್ಯೆ. ರಾಯಚೂರು ಸೀಮೆಯವರಿಗೆ ಅದು ಮಣ್ಣೆತ್ತಿನ ಅಮಾಸಿ. ಇನ್ನೊಂದು ಜೂನ್ ತಿಂಗಳ ಮೂರನೆಯ ಭಾನುವಾರ ಬರುವ ಅಪ್ಪಂದಿರ ದಿನ. ಮಾನ್ವಿ, ದೇವದುರ್ಗ ಕಡೆಯ ಹಳ್ಳಿಗಳಲ್ಲಿ ಆ ಅಮಾವಾಸ್ಯೆಗೆ ಎರೆಮಣ್ಣು ನಾದಿ ಜೋಡೆತ್ತು ಮಾಡಿ ಪೂಜೆಗಿಡುವುದು ಹಳೆಯ ರೂಢಿ. ಬಣ್ಣದ ಹಾಳೆ ಕತ್ತರಿಸಿ, ಅಂಟು ಹಚ್ಚಿ, ಅಪ್ಪನ ಹೆಸರು ಬರೆದು ಕಾರ್ಡು ಮಾಡಿ ಕೊಡುವುದು ನಗರದ ಶಾಲೆಗಳು ಈಚೆಗೆ ಕಲಿಸಿದ ರೂಢಿ. ಒಂದು ದೇವರ ಮುಂದೆ ಹೋಗುತ್ತದೆ, ಇನ್ನೊಂದು ಅಪ್ಪನ ಕೈಗೆ. ಎರಡನ್ನೂ ಮಾಡುವುದು ಮಗುವಿನ ಕೈ, ಎರಡೂ ಹುಟ್ಟುವುದು ಮಗುವಿನದಲ್ಲದ ಸಾಮಗ್ರಿಯಿಂದ. ಹೊಲ ಅಪ್ಪನದು, ಹಾಗಾಗಿ ಮಣ್ಣೂ ಅಪ್ಪನದು. ಹಾಳೆ, ಅಂಟು, ಸ್ಕೆಚ್ ಪೆನ್ನು ಅಪ್ಪನ ದುಡ್ಡಿನವು. ಲೆಕ್ಕವನ್ನು ಕೊನೆಯ ತನಕ ಎಳೆದರೆ ಆ ಕೈಯೂ ಅಪ್ಪ ಅವ್ವ ಕೊಟ್ಟದ್ದೇ. ಹಾಗಾದರೆ ಮಗು ಅಪ್ಪನಿಗೆ ಕೊಟ್ಟದ್ದು ಏನು? ನಕ್ಕು ಸುಮ್ಮನಾಗಬಹುದಾದ ಪ್ರಶ್ನೆ ಇದು ಅನ್ನಿಸಬಹುದು. ಆದರೆ ಎಲ್ಲವನ್ನೂ ಕೊಟ್ಟವನಿಗೆ ತಿರುಗಿ ಏನನ್ನಾದರೂ ಕೊಡಲು ಸಾಧ್ಯವೇ ಎಂಬುದು ಧರ್ಮಚಿಂತನೆಯ ಅತಿ ಹಳೆಯ ತೊಡಕುಗಳಲ್ಲಿ ಒಂದು. ಭಕ್ತ ಮತ್ತು ದೇವರ ನಡುವೆಯೂ ಇರುವುದು ಇದೇ ತೊಡಕು.

ಸಾಧ್ಯವಿಲ್ಲ ಎಂದವರೇ ಹೆಚ್ಚು. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಅಪ್ಪ ಮಗನನ್ನು ಬಿಟ್ಟುಬಿಡಬಹುದು, ಮಗ ಅಪ್ಪನನ್ನು ಬಿಡುವಂತಿಲ್ಲ ಎನ್ನುತ್ತಾನೆ. ಮಗ ಸಾಲಗಾರ, ಏನು ಮಾಡಿದರೂ ಪಡೆದದ್ದಕ್ಕೆ ಸಮನಾಗದು ಎಂಬುದು ಅವನ ಕಾರಣ. ಬೌದ್ಧರ ಅಂಗುತ್ತರ ನಿಕಾಯದಲ್ಲಿ ಬುದ್ಧ ಹೇಳುವುದು ಇನ್ನೂ ತೀಕ್ಷ್ಣ: ತಾಯಿಯನ್ನು ಒಂದು ಹೆಗಲ ಮೇಲೆ, ತಂದೆಯನ್ನು ಇನ್ನೊಂದು ಹೆಗಲ ಮೇಲೆ ಹೊತ್ತು ನೂರು ವರ್ಷ ನಡೆದರೂ ಋಣ ತೀರುವುದಿಲ್ಲ. ಸಹೀಹ್ ಮುಸ್ಲಿಂ ಹದೀಸ್ ಸಂಗ್ರಹದಲ್ಲಿ ಒಂದೇ ಒಂದು ವಿನಾಯಿತಿ ಇದೆ. ಗುಲಾಮನಾಗಿರುವ ತಂದೆಯನ್ನು ಮಗ ಕೊಂಡು ಬಿಡುಗಡೆ ಮಾಡಿದರೆ ಮಾತ್ರ ಋಣ ಸಂದಿತು. ಭಿನ್ನ ಕಾಲ, ಭಿನ್ನ ದೇಶ, ಭಿನ್ನ ದೇವರು. ತೀರ್ಪು ಹೆಚ್ಚೂಕಡಿಮೆ ಒಂದೇ. ಎದುರು ನಿಂತವನು ರೋಮಿನ ಸೆನೆಕ. ಉಪಕಾರದ ಬಗ್ಗೆ ಬರೆದ ಗ್ರಂಥದಲ್ಲಿ ಅವನು ಮಗ ಅಪ್ಪನನ್ನೂ ಮೀರಿಸಿ ಕೊಡಬಲ್ಲ ಎಂದು ವಾದಿಸುತ್ತಾನೆ. ಬರಿಯ ಜೀವ ಕೊಡುವುದು ದೊಡ್ಡದಲ್ಲ, ಒಳ್ಳೆಯ ಜೀವನವೇ ದೊಡ್ಡದು ಎಂಬುದು ಅವನ ನೆಲೆ. ವಾದ ಚತುರವಾದದ್ದೇ. ಆದರೆ ಸೆನೆಕನೂ ಅರಿಸ್ಟಾಟಲನಂತೆಯೇ ಇದನ್ನು ಕೊಟ್ಟು ತೀರಿಸುವ ಲೆಕ್ಕವೆಂದೇ ಹಿಡಿದಿದ್ದಾನೆ. ಮೊತ್ತದ ಬಗ್ಗೆ ಮಾತ್ರ ಅವನ ತಕರಾರು. ನನ್ನ ತಕರಾರು ಆ ಲೆಕ್ಕದ ಬಗ್ಗೆಯೇ.

ಏಕೆಂದರೆ ನಮ್ಮಲ್ಲಿ ಪಿತೃಋಣದ ಮಾತು ಮೊದಲು ಬರುವ ಜಾಗದಲ್ಲೇ ಆ ಲೆಕ್ಕ ಬೇರೆ ದಿಕ್ಕಿಗೆ ತಿರುಗಿದೆ. ತೈತ್ತಿರೀಯ ಸಂಹಿತೆ ಮನುಷ್ಯನಿಗೆ, ಅಂದರೆ ಅದರ ಮಾತಿನಲ್ಲಿ ಬ್ರಾಹ್ಮಣನಿಗೆ, ಹುಟ್ಟಿನೊಡನೆ ಮೂರು ಋಣ ಹೇಳುತ್ತದೆ. ಋಷಿಗಳದ್ದು ಬ್ರಹ್ಮಚರ್ಯದಿಂದ, ದೇವತೆಗಳದ್ದು ಯಜ್ಞದಿಂದ, ಪಿತೃಗಳದ್ದು ಸಂತಾನದಿಂದ ತೀರುತ್ತದೆ. ದೇವತೆಗಳಿಗೆ ತಿರುಗಿ ಕೊಡಬೇಕು; ಪಿತೃಗಳ ವಿಷಯದಲ್ಲಿ ಮಾತ್ರ ಹಿಂದಕ್ಕೆ ಕೊಡುವ ಮಾತಿಲ್ಲ. ಅಪ್ಪನಿಂದ ಪಡೆದದ್ದನ್ನು ಮಗುವಿಗೆ ಕೊಡು, ಅಲ್ಲಿಗೆ ಸಂದಿತು. ಇದನ್ನು ಮರೆತು ಹಿಂದಕ್ಕೇ ಕೊಡಹೊರಟ ಮಕ್ಕಳ ಕಥೆಗಳನ್ನು ಮಹಾಭಾರತ ಹೇಳುತ್ತದೆ, ನಾವು ಅವನ್ನು ಆದರ್ಶವೆಂದು ಓದಿಕೊಂಡು ಬಂದಿದ್ದೇವೆ. ಪುರು ತನ್ನ ಯೌವನವನ್ನೇ ಯಯಾತಿಗೆ ಕೊಟ್ಟ. ದೇವವ್ರತ ತನ್ನ ಹುಟ್ಟದ ಮಕ್ಕಳನ್ನೂ ರಾಜ್ಯವನ್ನೂ ಶಂತನುವಿನ ಮದುವೆಗೆ ಕೊಟ್ಟು ಭೀಷ್ಮನಾದ. ಎರಡೂ ಕಡೆ ಏನಾಯಿತೆಂದು ಗಮನಿಸಬೇಕು. ಯಯಾತಿ ಸಾವಿರ ವರ್ಷ ಅನುಭವಿಸಿ, ಅನುಭವಿಸಿದಷ್ಟೂ ಆಸೆ ಬೆಳೆಯುತ್ತದೆಂದು ಕಂಡು ಯೌವನವನ್ನು ತಿರುಗಿ ಕೊಟ್ಟ. ಶಂತನುವಿನ ವಂಶ ಎರಡನೆಯ ತಲೆಮಾರಿಗೇ ತುಂಡಾಗುವಂತಾಯಿತು. ಗಿರೀಶ ಕಾರ್ನಾಡರು 1961ರಲ್ಲಿ ಪ್ರಕಟವಾದ ‘ಯಯಾತಿ’ ನಾಟಕದಲ್ಲಿ ಪುರುವಿಗೆ ಚಿತ್ರಲೇಖೆಯೆಂಬ ಹೆಂಡತಿಯನ್ನು ಕೊಟ್ಟು, ಆ ದಾನದ ಬೆಲೆ ಯಾರು ತೆತ್ತರೆಂದು ಕೇಳಿದ್ದು ಪುರಾಣಕ್ಕೆ ಮಾಡಿದ ಅಪಚಾರವಲ್ಲ, ಅದರೊಳಗಿದ್ದ ಪ್ರಶ್ನೆಯನ್ನು ಹೊರಗೆಳೆದದ್ದು. ಅಪ್ಪನಿಗೆ ಸಮನಾದದ್ದನ್ನು ಕೊಡಲು ಹೊರಟ ಮಗ ಮುಂದಿನವರ ಪಾಲನ್ನು ತೆಗೆದೇ ಕೊಡಬೇಕಾಗುತ್ತದೆ. ಋಣ ತೀರಿಸುವ ಉಡುಗೊರೆ ಎಂಬುದೇ ಅಪಾಯದ ವಸ್ತು.

ಋಣವಲ್ಲದಿದ್ದರೆ ಮತ್ತೇನು? ಇದಕ್ಕೆ ಉತ್ತರ ಹುಡುಕಲು ರಾಯಚೂರು ಜಿಲ್ಲೆಯಿಂದ ಹೊರಗೆ ಹೋಗಬೇಕಾಗಿಲ್ಲ. ಹದಿನೆಂಟನೆಯ ಶತಮಾನದ ದಾಸಪರಂಪರೆಯ ಮೂವರು ದೊಡ್ಡವರು ಇಲ್ಲಿಯವರು: ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರು, ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿ ಸೀಮೆಯದೇ ಬ್ಯಾಗವಾಟದ ಜಗನ್ನಾಥದಾಸರು. ಮೂರನೆಯವರ ಕಥೆಯನ್ನು ಸಂಪ್ರದಾಯ ಹೀಗೆ ಹೇಳುತ್ತದೆ. ಆಗಿನ್ನೂ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರಾಗಿದ್ದ ಅವರು ಕನ್ನಡದಲ್ಲಿ ಹಾಡುವ ದಾಸರನ್ನು ಕಡೆಗಣಿಸಿದರು. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿದರು, ನೆಪವೇ ನಿಜವಾದ ರೋಗವಾಯಿತು. ಕೊನೆಗೆ ವಿಜಯದಾಸರು ಅವರನ್ನು ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ಗುರುವಿನ ಮಾತಿನಂತೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಕೊಟ್ಟರು. ಕಥೆಯ ಒಂದು ರೂಪದಲ್ಲಿ ಆ ದಾನ ಜೋಳದ ರೊಟ್ಟಿಯ ಮೂಲಕ ನಡೆಯುತ್ತದೆ. ರೊಟ್ಟಿ ತಟ್ಟುವ ನಾಡಿನ ಕಥೆಗೆ ಬೇರೆ ಪಾತ್ರೆ ಬೇಕಿರಲಿಲ್ಲ. ಇದನ್ನು ಇತಿಹಾಸವೆಂದು ಒಪ್ಪುವುದೋ ಬಿಡುವುದೋ ನಮ್ಮ ಪ್ರಶ್ನೆಗೆ ಮುಖ್ಯವಲ್ಲ, ಮುಂದಿನದು ಮುಖ್ಯ. ಜೀವ ಕೊಟ್ಟವರು ತಂದೆಯೇ ಸರಿ. ಅಂಥ ತಂದೆಗೆ ಜಗನ್ನಾಥದಾಸರು ನಲವತ್ತು ವರ್ಷವನ್ನು ಹೇಗೆ ತಿರುಗಿ ಕೊಡಬೇಕಿತ್ತು? ಕೊಡಲಿಲ್ಲ, ಕೊಡುವಂತೆಯೂ ಇರಲಿಲ್ಲ. 1728ರಲ್ಲಿ ಹುಟ್ಟಿ 1809ರ ತನಕ ಬದುಕಿದರು, ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬರೆದರು. ಪಡೆದ ಆಯುಷ್ಯ ಕೃತಿಯಾಗಿ ಮುಂದಿನವರಿಗೆ ಹೋಯಿತು.

ಆ ಕೃತಿಯಲ್ಲೇ ನಮ್ಮ ತೊಡಕಿಗೆ ಬೇಕಾದ ಕೀಲಿಯೂ ಇದೆ. ಅದರ ಒಂದು ಸಂಧಿಯ ಹೆಸರು ದತ್ತಸ್ವಾತಂತ್ರ್ಯ. ಮಧ್ವಮತದಲ್ಲಿ ಸ್ವತಂತ್ರನು ಹರಿಯೊಬ್ಬನೇ. ಜೀವ, ಜಡ, ದೇವತೆಗಳು ಎಲ್ಲವೂ ಅವನ ಅಧೀನ. ಹಾಗಿದ್ದರೆ ಜೀವ ಮಾಡಿದ ಪುಣ್ಯ ಪಾಪಕ್ಕೆ ಜೀವ ಹೇಗೆ ಹೊಣೆ? ಸ್ವಾತಂತ್ರ್ಯವೇ ಇಲ್ಲದವನಿಗೆ ವಿಧಿಯೇನು, ನಿಷೇಧವೇನು? ಇದಕ್ಕೆ ಆ ಪರಂಪರೆ ಕೊಡುವ ಉತ್ತರ ಸೂಕ್ಷ್ಮವಾದದ್ದು: ಜೀವನಿಗೆ ಒಂದಿಷ್ಟು ಸ್ವಾತಂತ್ರ್ಯವಿದೆ, ಅದೂ ಕೊಟ್ಟದ್ದೇ. ಕೊಟ್ಟದ್ದೆಂದ ಮಾತ್ರಕ್ಕೆ ಸುಳ್ಳಲ್ಲ. ಅದರೊಳಗೆ ಮಾಡಿದ ಕೆಲಸ ನಿಜವಾಗಿಯೂ ಜೀವನದೇ. ಮಣ್ಣೆತ್ತಿನ ಪ್ರಶ್ನೆಗೆ ಇದನ್ನು ಹಚ್ಚಿ ನೋಡಿದರೆ ಗಂಟು ಸಡಿಲಾಗುತ್ತದೆ. ಮಗುವಿಗೆ ಸ್ವಂತ ಆಸ್ತಿಯಿಲ್ಲ, ನಿಜ. ಆದರೆ ಕೊಡುವುದಕ್ಕೆ ಆಸ್ತಿಯೇ ಬೇಕೆಂದು ಹೇಳಿದವರು ಯಾರು? ಮಣ್ಣು ಅಪ್ಪನದು, ಎತ್ತಿನ ಕೋಡನ್ನು ಎಡಕ್ಕೆ ಬಾಗಿಸಿದ್ದು ಮಗುವಿನದು. ಹಾಳೆ ಅಪ್ಪನದು, ಅದರ ಮೇಲೆ ಅಪ್ಪನ ಮೀಸೆಯನ್ನು ಮುಖಕ್ಕಿಂತ ದೊಡ್ಡದು ಮಾಡಿ ಬರೆದ ತೀರ್ಮಾನ ಮಗುವಿನದು. ಕೈಯಿಂದ ಮಾಡಿದ ವಸ್ತುವಿನಲ್ಲಿ ಅಪ್ಪನಿಗೆ ಸಿಗುವುದು ತಾನು ಕೊಟ್ಟ ಮಣ್ಣಲ್ಲ, ತಾನು ಕೊಟ್ಟ ಸ್ವಾತಂತ್ರ್ಯವನ್ನು ಇನ್ನೊಬ್ಬರು ಬಳಸಿದ ಗುರುತು. ಅಪ್ಪನ ದುಡ್ಡಿನಿಂದ ಅಂಗಡಿಯಲ್ಲಿ ಕೊಂಡ ಮಗ್ಗಿನಲ್ಲಿ ಆ ಗುರುತು ಬಹುಮಟ್ಟಿಗೆ ಇರುವುದಿಲ್ಲ. ದುಡ್ಡು ಒಂದು ಸುತ್ತು ಹೋಗಿ ಬಂದಿರುತ್ತದೆ, ಅಷ್ಟೆ. ಆದ್ದರಿಂದ ಅಪ್ಪನಿಗೆ ಮಗು ಕೈಯಾರೆ ಮಾಡಿ ಕೊಡುವುದು ಮುದ್ದಿನ ವಿಷಯ ಮಾತ್ರವಲ್ಲ. ಆ ಸಂಬಂಧದಲ್ಲಿ ಮಗುವಿಗೆ ನಿಜವಾಗಿ ಸಾಧ್ಯವಿರುವ ಕೊಡುವಿಕೆ ಅದೊಂದೇ ಎಂಬುದು ನನ್ನ ವಾದ.

ಹಾಗೆ ಮಾಡಬಹುದಾದ ವಸ್ತುಗಳಿಗೆ ಈ ಸೀಮೆಯಲ್ಲಿ ಬರವಿಲ್ಲ, ಕಲಿಸುವವರೂ ಮನೆಯಲ್ಲೇ ಇದ್ದಾರೆ. ಎರೆಮಣ್ಣಿನ ಸ್ವಭಾವ ಒಣಗಿದಾಗ ಬಿರಿಯುವುದು. ಕಲ್ಲು, ಬೇರು ಆರಿಸಿ, ಸ್ವಲ್ಪ ಬೂದಿಯನ್ನೋ ಮರಳನ್ನೋ ಕೂಡಿಸಿ ನಾದಿ, ನೆರಳಲ್ಲಿ ಒಣಗಿಸಿದರೆ ಎತ್ತಿನ ಬೆನ್ನು ಸೀಳುವುದು ಕಡಿಮೆ. ಕಣ್ಣಿಗೆ ಜೋಳದ ಕಾಳು ಒತ್ತಿದರೆ ಮುಗಿಯಿತು. ಹಿಂಗಾರಿಯ ಬಿಳಿಜೋಳದ ದಂಟು ಜೂನ್ ಹೊತ್ತಿಗೆ ಬಣವಿಯಲ್ಲಿ ಒಣಗಿ ಹಗುರಾಗಿರುತ್ತದೆ. ಅದರ ಸಿಬರು ಸುಲಿದು, ಒಳಗಿನ ಬೆಂಡನ್ನು ತುಂಡು ಮಾಡಿ, ಜಾಲಿಮುಳ್ಳು ಚುಚ್ಚಿ ಬಂಡಿ ಮಾಡಬಹುದು, ಕನ್ನಡಕ ಮಾಡಬಹುದು. ಅಂಟೂ ಬೇಡ, ಕತ್ತರಿಯೂ ಬೇಡ, ಸಿಬರಿಗೆ ಬೆರಳು ಕೊಯ್ಯದಂತೆ ಎಚ್ಚರವಿದ್ದರೆ ಸಾಕು. ಕಾರಹುಣ್ಣಿಮೆಗೆ ಎತ್ತಿಗೆ ಕಟ್ಟುವ ಗೊಂಡೆಯನ್ನು ಬಣ್ಣದ ನೂಲಿನಲ್ಲಿ ಮಾಡಲು ಬಂದವರಿಗೆ ಅಪ್ಪನ ಮೋಟರ್ ಸೈಕಲ್ ಕೀಲಿಗೆ ಗೊಂಡೆ ಮಾಡುವುದು ಕಷ್ಟವಲ್ಲ. ಎಲ್ಲಕ್ಕಿಂತ ಅರ್ಥವತ್ತಾದದ್ದು ಕೌದಿ. ಉತ್ತರ ಕರ್ನಾಟಕದ ಅವ್ವಂದಿರು, ಅಜ್ಜಿಯರು ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಇಟ್ಟು ಸೂಜಿದಾರದಲ್ಲಿ ಸಾಲುಹೊಲಿಗೆ ಹಾಕುತ್ತಾರೆ. ದೊಡ್ಡ ಕೌದಿಗೆ ವಾರಗಳೇ ಬೇಕು. ಅಪ್ಪನದೇ ಹರಿದ ಎರಡು ಅಂಗಿಗಳ ಬೆನ್ನಿನ ಭಾಗದಿಂದ ಕುರ್ಚಿಯ ಮೇಲೆ ಹಾಸುವಷ್ಟು ಸಣ್ಣ ಕೌದಿಯನ್ನು ಹತ್ತು ವರ್ಷದ ಮಗುವೂ ಹೊಲಿಯಬಹುದು. ಅಪ್ಪ ಉಟ್ಟು ಬಿಟ್ಟದ್ದೇ ಅಪ್ಪನಿಗೆ ತಿರುಗಿ ಹೋಗುತ್ತದೆ, ಅದರ ಮೇಲೆ ಓಡಿದ ವಾರೆಕೋರೆ ಹೊಲಿಗೆ ಮಾತ್ರ ಹೊಸದು. ಮೇಲೆ ಹೇಳಿದ ತತ್ವವನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಇದಕ್ಕಿಂತ ಒಳ್ಳೆಯ ವಸ್ತು ನನಗೆ ತಿಳಿದಿಲ್ಲ.

ಈ ವಾದದ ಮೇಲೆ ಬರುವ ಮೊದಲ ಆಕ್ಷೇಪ ಉಪನಿಷತ್ತಿನಿಂದಲೇ ಬರುತ್ತದೆ. ಕಠೋಪನಿಷತ್ತಿನಲ್ಲಿ ನಚಿಕೇತನ ತಂದೆ ಯಜ್ಞದಲ್ಲಿ ಎಂಥ ಹಸುಗಳನ್ನು ದಾನ ಮಾಡಿದ? ಕೊನೆಯ ನೀರು ಕುಡಿದ, ಕೊನೆಯ ಹುಲ್ಲು ತಿಂದ, ಕೊನೆಯ ಹಾಲು ಕರೆಸಿಕೊಂಡ, ಶಕ್ತಿಯಡಗಿದ ಹಸುಗಳನ್ನು. ಕೆಲಸಕ್ಕೆ ಬಾರದ್ದನ್ನು ಕೊಡುವವನಿಗೆ ಆನಂದವಿಲ್ಲದ ಲೋಕಗಳೇ ಗತಿ ಎಂದು ಮಗ ಮನಸ್ಸಿನಲ್ಲೇ ಅಂದುಕೊಂಡ, ನನ್ನನ್ನು ಯಾರಿಗೆ ಕೊಡುತ್ತೀ ಎಂದು ಅಪ್ಪನನ್ನು ಮತ್ತೆ ಮತ್ತೆ ಕೇಳಿದ. ಅಂಟು ಸೋರುವ ಕಾರ್ಡು, ನಿಲ್ಲಲಾರದ ಮಣ್ಣೆತ್ತು, ಒಂದು ಪೆನ್ನೂ ಹಿಡಿಯದ ಪೆನ್‌ಸ್ಟ್ಯಾಂಡು ಇವೂ ಬರಡು ಹಸುಗಳೇ ಅಲ್ಲವೇ? ಉಪಯೋಗವೇ ಅಳತೆಯಾದರೆ ಹೌದು. ಆದರೆ ಉಪನಿಷತ್ತಿನ ಸಿಟ್ಟು ಇರುವುದು ಹಸುಗಳ ಮೇಲಲ್ಲ. ಆ ದಾನದಲ್ಲಿ ಕೊಟ್ಟವನಿಗೆ ಏನೂ ಕಡಿಮೆಯಾಗಲಿಲ್ಲ, ಮೇವಿನ ಖರ್ಚು ಉಳಿಯಿತು. ಕೊಟ್ಟಂತೆ ಕಾಣಿಸುತ್ತ ಕಳೆದುಕೊಂಡದ್ದೇನೂ ಇಲ್ಲದ್ದೇ ಅಲ್ಲಿನ ದೋಷ. ಮಗುವಿನದು ಇದರ ತಿರುಗುಮುರುಗು. ಆಟದ ಒಂದು ಮಧ್ಯಾಹ್ನ, ತನ್ನ ಇಷ್ಟದ ನೀಲಿ ಪೆನ್ಸಿಲ್ಲಿನ ಅರ್ಧ, ಬೆರಳ ತುದಿಯ ಸೂಜಿಗಾಯ ಅದರೊಳಗೆ ಖರ್ಚಾಗಿವೆ. ಪಡೆದವನಿಗೆ ಎಷ್ಟು ಕೆಲಸಕ್ಕೆ ಬಂತು ಎಂಬುದಕ್ಕಿಂತ ಕೊಟ್ಟವನಲ್ಲಿ ಎಷ್ಟು ಕಡಿಮೆಯಾಯಿತು ಎಂದು ಕೇಳುವುದು ನಚಿಕೇತನ ಅಳತೆ. ಆ ಅಳತೆಯಲ್ಲಿ ನೂರು ಮುದಿ ಹಸುಗಳು ಒಂದು ಮಣ್ಣೆತ್ತಿನ ಮುಂದೆ ಸೋಲುತ್ತವೆ. ಮಣ್ಣೆತ್ತಿನ ಹಬ್ಬದ ಮರುದಿನದ ಒಂದು ರೂಢಿಯನ್ನೂ ಇಲ್ಲಿ ನೆನೆಯಬಹುದು. ಮಕ್ಕಳು ಎತ್ತಿನ ಒಂದು ಕಾಲು ಮುರಿದು, ಕುಂಟೆತ್ತು ಬಂದಿದೆಯೆಂದು ಹಾಡುತ್ತ ಮನೆ ಮನೆಗೆ ಹೋಗಿ ಕಾಳು ಕೇಳುತ್ತಾರೆ. ಯಾರೂ ಇದು ಎತ್ತೇ ಅಲ್ಲ ಎಂದು ಕಳಿಸುವುದಿಲ್ಲ.

ಎರಡನೆಯ ಆಕ್ಷೇಪ ದಿನದ ಬಗ್ಗೆ. ಅಪ್ಪಂದಿರ ದಿನ ಪರದೇಶದ್ದು, ವ್ಯಾಪಾರದ್ದು, ವರ್ಷಕ್ಕೊಮ್ಮೆ ಕಾರ್ಡು ಕೊಟ್ಟು ಕೈತೊಳೆದುಕೊಳ್ಳುವ ಶಾಸ್ತ್ರ ಎಂಬ ಮಾತಿನಲ್ಲಿ ನಿಜವಿದೆ. ಅದು ಹುಟ್ಟಿದ್ದು ಅಮೆರಿಕದ ಸ್ಪೋಕೇನ್ ಊರಿನಲ್ಲಿ. ಚರ್ಚಿನಲ್ಲಿ ಅಮ್ಮಂದಿರ ದಿನದ ಉಪದೇಶ ಕೇಳಿದ ಸೊನೊರಾ ಸ್ಮಾರ್ಟ್ ಡಾಡ್ ಎಂಬಾಕೆ, ಹೆಂಡತಿ ತೀರಿಕೊಂಡ ಮೇಲೆ ಮಕ್ಕಳನ್ನು ಒಬ್ಬನೇ ಸಾಕಿದ ತನ್ನ ಅಪ್ಪನನ್ನು ನೆನೆದು 1910ರ ಜೂನ್ 19ರಂದು ಅದನ್ನು ಆಚರಿಸುವಂತೆ ಮಾಡಿದಳು. ಅಲ್ಲಿನ ಕಾನೂನಿನಲ್ಲಿ ಅದಕ್ಕೆ ಕಾಯಂ ಸ್ಥಾನ ಸಿಕ್ಕಿದ್ದು 1972ರಲ್ಲಿ. ನಡುವಿನ ಅರವತ್ತು ವರ್ಷ ಟೈ ಮಾರುವ ಅಂಗಡಿಗಳೇ ಅದನ್ನು ಸಾಕಿದವು ಎಂದರೂ ತಪ್ಪಿಲ್ಲ. ಆಚರಣೆಗಳ ಪೊಳ್ಳುತನದ ಬಗ್ಗೆ ನಮ್ಮ ನೆಲದ ಆಸುಪಾಸಿನಲ್ಲೇ ಇನ್ನೂ ಹಳೆಯ ಎಚ್ಚರಿಕೆಯಿದೆ. ಅಶೋಕನ ಒಂಬತ್ತನೆಯ ಬಂಡೆಶಾಸನ, ಕರ್ನೂಲು ಸೀಮೆಯ ಎರ್ರಗುಡಿಯಲ್ಲೂ ಇರುವಂಥದ್ದು, ಜನ ರೋಗಕ್ಕೆ, ಮದುವೆಗೆ, ಪ್ರಯಾಣಕ್ಕೆ ನೂರಾರು ಮಂಗಳಕಾರ್ಯ ಮಾಡುತ್ತಾರೆ, ಅವುಗಳ ಫಲ ಅಲ್ಪ ಎನ್ನುತ್ತದೆ. ಆಳುಗಳೊಡನೆ ಸರಿಯಾದ ನಡತೆ, ಹಿರಿಯರಲ್ಲಿ ಗೌರವ ಇವೇ ಫಲ ಕೊಡುವ ಮಂಗಳ ಎನ್ನುತ್ತದೆ. ಚಿತ್ರದುರ್ಗದ ಬ್ರಹ್ಮಗಿರಿಯ ಶಾಸನದಲ್ಲಿ ತಂದೆತಾಯಿಯ ಮಾತು ಕೇಳಬೇಕೆಂಬ ಆಜ್ಞೆ ನೇರವಾಗಿಯೇ ಇದೆ. ನಡತೆ ಇದ್ದರೆ ಕಾರ್ಡು ಬೇಡ, ಇಲ್ಲದಿದ್ದರೆ ಕಾರ್ಡಿನಿಂದ ಏನಾದೀತು ಎಂದು ಅಶೋಕನ ಪರವಾಗಿ ಯಾರಾದರೂ ಕೇಳಬಹುದು. ಕೇಳಲಿ. ಆದರೆ ನಡತೆಯೂ ಎಲ್ಲಿಂದಲಾದರೂ ಕಲಿಯಬೇಕಾದದ್ದೇ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರ್ ಕಂಡ ನಮ್ಮ ಮಸ್ಕಿಯ ಶಾಸನದಲ್ಲಿ ಅದೇ ಅಶೋಕ, ಇದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬೇಡಿ, ಸಣ್ಣವರೂ ಪ್ರಯತ್ನದಿಂದ ಪಡೆಯಬಲ್ಲರು ಎಂಬರ್ಥದ ಮಾತು ಕೆತ್ತಿಸಿದ್ದಾನೆ. ಸಣ್ಣವರ ಪ್ರಯತ್ನ ಸಣ್ಣದಾಗಿಯೇ ಇರುತ್ತದೆ. ದಿನ ಯಾವ ದೇಶದ್ದು ಎಂಬುದು ನನಗೆ ಅಷ್ಟು ಮುಖ್ಯವೆನಿಸುವುದಿಲ್ಲ. ಜೂನ್ ಭಾನುವಾರ ಬೇಡವೆನಿಸಿದವರಿಗೆ ಮಣ್ಣೆತ್ತಿನ ಅಮಾವಾಸ್ಯೆ ಇದ್ದೇ ಇದೆ. ನಿಜವಾದ ಕೇಡು ಇನ್ನೊಂದು. ಮಗುವಿನ ಹೆಸರಿನಲ್ಲಿ ಟೀಚರು ಅಥವಾ ಅವ್ವ ಅಂದವಾಗಿ ಮಾಡಿ ಮುಗಿಸಿದ ಕಾರ್ಡು, ತರಗತಿಯ ನಲವತ್ತು ಮಕ್ಕಳದೂ ಒಂದೇ ಅಚ್ಚಿನದು. ಅಲ್ಲಿ ಮಗುವಿಗೆ ಕೊಟ್ಟಿದ್ದ ಸ್ವಾತಂತ್ರ್ಯವನ್ನು ಕಿತ್ತುಕೊಂಡಾಗಿದೆ, ಉಳಿದದ್ದು ಕಾಗದ.

ಮೂರನೆಯ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಕೈಯಿಂದ ಮಾಡಿದ್ದೇ ಶ್ರೇಷ್ಠ ಎನ್ನುವುದು ಹೊಟ್ಟೆ ತುಂಬಿದವರ ಮಾತು. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕೂಲಿಯವರ ಮನೆಯಲ್ಲಿ ಎಲ್ಲವೂ ಕೈಯಿಂದಲೇ ಆಗುತ್ತದೆ, ಅಲ್ಲಿ ಅಪರೂಪದ್ದು ಅಂಗಡಿಯ ಹೊಸ ಅಂಗಿ. ಮಗಳು ಮೊದಲ ಸಂಬಳದಲ್ಲಿ ಅಪ್ಪನಿಗೆ ರಾಯಚೂರಿನ ಬಟ್ಟೆ ಅಂಗಡಿಯಿಂದ ತಂದ ಅಂಗಿಯನ್ನು ಕೊಂಡದ್ದೆಂದು ಕೀಳುಗಳೆಯಲು ಸಾಧ್ಯವೇ? ಸಾಧ್ಯವಿಲ್ಲ, ಹಾಗೆ ಮಾಡುವುದು ಅನ್ಯಾಯ. ಇಲ್ಲಿ ನನ್ನ ಮಾತನ್ನು ತಿದ್ದಿ ಹೇಳಬೇಕು, ತಿದ್ದಲು ಶರಣರ ಸಹಾಯವಿದೆ. ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರೆಂದು ಹೇಳುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಾಯಕ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು. ಒಂದು ದಿನ ಮಾರಯ್ಯ ದಿನಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಅಕ್ಕಿ ಒಂದೇ, ಅಂಗಳ ಒಂದೇ. ಹೆಚ್ಚಿನ ಹಿಡಿಯಲ್ಲಿ ಅವರ ದುಡಿಮೆ ಇರಲಿಲ್ಲ, ಆದ್ದರಿಂದ ಅದು ಕೊಡತಕ್ಕದ್ದಾಗಿರಲಿಲ್ಲ. ಆ ಅಕ್ಕಿಯನ್ನು ಅವರು ಬೆಳೆದಿರಲೂ ಇಲ್ಲ, ಆಯ್ದದ್ದಷ್ಟೇ ಅವರದು; ಆಯ್ದದ್ದೇ ಸಾಕಾಯಿತು. ಇದೇ ಅಳತೆಯಲ್ಲಿ ಮೊದಲ ಸಂಬಳದ ಅಂಗಿ ಕೈಯಾರೆ ಮಾಡಿದ್ದೇ. ಅದರ ಒಂದೊಂದು ನೂಲಿನಲ್ಲೂ ಆ ಹುಡುಗಿಯ ದುಡಿತವಿದೆ. ಅಪ್ಪನಿಂದಲೇ ಐನೂರು ರೂಪಾಯಿ ಪಡೆದು ಆನ್‌ಲೈನಿನಲ್ಲಿ ತರಿಸಿದ ‘ಹ್ಯಾಂಡ್‌ಮೇಡ್’ ಡಬ್ಬಿ ಯಾರದೋ ಕೈಯದು, ಕೊಟ್ಟವರದಲ್ಲ. ಪ್ರಶ್ನೆ ಯಂತ್ರ ಮತ್ತು ಕೈಗಳ ನಡುವಿನದಲ್ಲ, ಕೊಡುವವರ ದುಡಿತ ಅದರೊಳಗೆ ಇದೆಯೇ ಎಂಬುದು. ಎಂಟು ವರ್ಷದ ಮಗುವಿಗೆ ದುಡಿತವೆಂದರೆ ಮಣ್ಣು ನಾದುವುದು. ಅದು ಹಾಗೇ ಇರಬೇಕು. ಹತ್ತಿಹೊಲದಲ್ಲಿ ಕೂಲಿ ಮಾಡಿ ಅಂಗಿ ತರುವ ಎಂಟು ವರ್ಷದವನ ಉಡುಗೊರೆ ಪುರುವಿನ ಯೌವನದ ಜಾತಿಯದು. ಅದನ್ನು ಪಡೆಯುವ ಸಮಾಜ ಯಯಾತಿಯಾಗುತ್ತದೆ.

ಶ್ರಾದ್ಧ ಇರುವಾಗ ಇದೆಲ್ಲ ಏಕೆ ಎನ್ನುವವರೂ ಇದ್ದಾರೆ. ಒಂದು ಮಾತು ಒಪ್ಪಲೇಬೇಕು: ತಂದೆಗೆ ಕೈಯಾರೆ ಮಾಡಿ ಕೊಡುವುದನ್ನು ಶ್ರಾದ್ಧದಷ್ಟು ನಿಷ್ಠೆಯಿಂದ ಉಳಿಸಿಕೊಂಡ ಆಚರಣೆ ಇನ್ನೊಂದಿಲ್ಲ. ಪಿಂಡವನ್ನು ಅಂಗಡಿಯಿಂದ ತರುವಂತಿಲ್ಲ, ಮಗ ತನ್ನ ಅಂಗೈಯಲ್ಲೇ ಕಟ್ಟಬೇಕು. ಎಳ್ಳುನೀರು ಬಿಡಲು ಹೆಬ್ಬೆರಳು ತೋರುಬೆರಳ ನಡುವಿನ ಜಾಗವನ್ನೇ ಪಿತೃತೀರ್ಥವೆಂದು ಗುರುತಿಸಿದ್ದಾರೆ. ಕೈಯಲ್ಲೇ ಅಪ್ಪನಿಗೊಂದು ದಾರಿ ಇಟ್ಟಂತಾಯಿತು. ‘ಹರಿಕಥಾಮೃತಸಾರ’ದ ಪಂಚಮಹಾಯಜ್ಞ ಸಂಧಿ ತಾಯಿ, ತಂದೆ, ಭೂಮಿ, ಮೋಡ, ಆಕಾಶಗಳನ್ನು ಐದು ಅಗ್ನಿಗಳೆಂದು ಕಾಣುತ್ತದೆ. ಅಲ್ಲಿ ತಂದೆಯೆಂದರೆ ಆಹುತಿ ಸಲ್ಲಬೇಕಾದ ಜಾಗ, ಅವನು ಸತ್ತ ಮೇಲೆ ಮಾತ್ರವೆಂದಲ್ಲ. ಆದರೆ ಆಚರಣೆಯಲ್ಲಿ ನಾವು ಸೂಕ್ಷ್ಮವನ್ನೆಲ್ಲ ಸತ್ತ ಅಪ್ಪನಿಗೆ ಮೀಸಲಿಟ್ಟೆವು. ಬದುಕಿರುವ ಅಪ್ಪನಿಗೆ ಕಾಲಿಗೆ ಬೀಳುವುದು, ಎದುರು ಮಾತಾಡದಿರುವುದು ಇಷ್ಟೇ ಉಳಿಯಿತು. ಇವು ಗೌರವದ ರೀತಿಗಳು, ಕೊಡುವ ರೀತಿಗಳಲ್ಲ. ಭಾದ್ರಪದದ ಪಿತೃಪಕ್ಷದಲ್ಲಿ ಅಪ್ಪನ ಇಷ್ಟದ ಅಡುಗೆಯನ್ನು ನೆನಪಿಟ್ಟು ಮಾಡುವ ಮಗ, ಅಪ್ಪ ಇದ್ದಾಗ ಒಮ್ಮೆಯೂ ಒಲೆಯ ಮುಂದೆ ಕೂತಿರದಿದ್ದರೆ ಆ ಪಿಂಡದ ತೂಕ ಏನೆಂದು ಧರ್ಮಶಾಸ್ತ್ರ ಹೇಳದಿದ್ದರೂ ಮನೆಯವರಿಗೆ ಗೊತ್ತಿರುತ್ತದೆ. ಅಂದಹಾಗೆ, ಶ್ರಾದ್ಧ ಮಗನ ಹಕ್ಕಾಗಿ ಉಳಿದು ಹೆಣ್ಣುಮಕ್ಕಳು ಅಡುಗೆಮನೆಯಲ್ಲೇ ಉಳಿದರು. ಕೌದಿಗೆ ಆ ಕಟ್ಟುಪಾಡಿಲ್ಲ.

ಕೊನೆಯ ಆಕ್ಷೇಪ ಅಪ್ಪನೇ ಇಲ್ಲದವರದ್ದು, ಇದ್ದೂ ಯೋಗ್ಯನಲ್ಲದ ಅಪ್ಪನ ಮಕ್ಕಳದ್ದು. ತರಗತಿಯಲ್ಲಿ ಎಲ್ಲರೂ ಅಪ್ಪನಿಗೆ ಕಾರ್ಡು ಮಾಡಿ ಎಂದಾಗ ಸುಮ್ಮನೆ ಕೂರುವ ಮಕ್ಕಳು ಈ ಜಿಲ್ಲೆಯಲ್ಲಿ ಕಡಿಮೆಯಲ್ಲ. ದೇವದುರ್ಗ, ಮಾನ್ವಿ ಕಡೆಯಿಂದ ಬೆಂಗಳೂರು, ಹೈದರಾಬಾದ್, ಪುಣೆಗಳಿಗೆ ಗುಳೆ ಹೋಗುವ ಕುಟುಂಬಗಳಲ್ಲಿ ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ, ಅಪ್ಪ ಎಂದರೆ ಫೋನಿನ ದನಿ. 1982ರ ಕಾಯ್ದೆ ದೇವದಾಸಿ ಪದ್ಧತಿಯನ್ನು ನಿಷೇಧಿಸಿದರೂ, ಆ ತಾಯಂದಿರ ಮಕ್ಕಳಿಗೆ ಶಾಲೆಯ ಅರ್ಜಿಯ ‘ತಂದೆಯ ಹೆಸರು’ ಎಂಬ ಖಾನೆ ಅವಮಾನದ ಜಾಗವಾಗಿಯೇ ಉಳಿದಿತ್ತು. ಕಾರ್ಡು ಅದೇ ಖಾನೆಯನ್ನು ಬಣ್ಣದ ಹಾಳೆಯಲ್ಲಿ ಮತ್ತೆ ತೆರೆದಂತಾದರೆ ಆ ದಿನವನ್ನು ಶಾಲೆಯಲ್ಲಿ ಆಚರಿಸದಿರುವುದೇ ಮೇಲು. ಆದರೆ ತತ್ವ ಇಲ್ಲಿಗೆ ಸೋಲುವುದಿಲ್ಲ. ಹುಟ್ಟಿನ ಅಪ್ಪನ ಮನೆ ಬಿಟ್ಟು ಹೊರಟ ಬಸವಣ್ಣ ಮಾದಾರ ಚೆನ್ನಯ್ಯನನ್ನು ಅಪ್ಪನೆಂದು ಕರೆದ. ಅಪ್ಪ ಯಾರೆಂದು ರಕ್ತ ಹೇಳುವುದಕ್ಕಿಂತ ಮಗು ಹೇಳುವುದು ಹೆಚ್ಚು ನಿಜವಾಗಬಹುದೆಂಬ ಧೈರ್ಯ ಅದರಲ್ಲಿದೆ. ಹಾಗಿದ್ದ ಮೇಲೆ ಕೌದಿ ಸಾಕಿದ ಅಜ್ಜನಿಗೆ, ಸೋದರಮಾವನಿಗೆ, ಎರಡೂ ಪಾಲು ಹೊತ್ತ ಅವ್ವನಿಗೆ ಸಲ್ಲಲಿ. ಇನ್ನು ಯೋಗ್ಯನಲ್ಲದ ಅಪ್ಪ. ಜಗನ್ನಾಥದಾಸರನ್ನು ಸಂಪ್ರದಾಯ ಪ್ರಹ್ಲಾದನ ತಮ್ಮ ಸಹ್ಲಾದನ ಅವತಾರವೆನ್ನುತ್ತದೆ. ತುಂಗಭದ್ರೆಯಾಚೆ ಮಂತ್ರಾಲಯದ ರಾಘವೇಂದ್ರಸ್ವಾಮಿಗಳನ್ನು ಪ್ರಹ್ಲಾದನದೇ ಅವತಾರವೆನ್ನುತ್ತದೆ. ಅಂದರೆ ಈ ಸೀಮೆಯ ಭಕ್ತಿಲೋಕ ಹಿರಣ್ಯಕಶಿಪುವಿನ ಮಕ್ಕಳನ್ನು ತನ್ನವರೆಂದುಕೊಂಡಿದೆ. ಭಾಗವತದ ಪ್ರಹ್ಲಾದ ಅಪ್ಪನಿಗೆ ಒಂದು ಮಾತಿನಲ್ಲೂ ಬಗ್ಗಲಿಲ್ಲ. ಅಪ್ಪ ಸತ್ತ ಮೇಲೆ ನರಸಿಂಹ ವರ ಕೇಳೆಂದಾಗ ತನಗೇನೂ ಬೇಡವೆಂದು, ಆಮೇಲೆ ಅಪ್ಪ ಶುದ್ಧನಾಗಲಿ ಎಂದು ಕೇಳಿದ. ಇದನ್ನು ಎಲ್ಲ ನೊಂದ ಮಕ್ಕಳಿಗೂ ಕರ್ತವ್ಯವೆಂದು ಹೇರುವುದು ಕ್ರೌರ್ಯ. ಕೊಡುವುದು ಸ್ವಾತಂತ್ರ್ಯದಿಂದ ಹುಟ್ಟುತ್ತದೆ ಎಂದ ಮೇಲೆ ಕೊಡದಿರುವುದೂ ಅದರೊಳಗೇ ಇರಬೇಕು. ಕಾರ್ಡು ಮಾಡದ ಮಗುವನ್ನು ಯಾಕೆ ಎಂದು ಕೇಳದ ಟೀಚರು ಈ ತತ್ವವನ್ನು ನಮಗಿಂತ ಚೆನ್ನಾಗಿ ಬಲ್ಲರು.

ಇಷ್ಟು ಹೊತ್ತು ಕೊಡುವವರ ಮಾತಾಯಿತು, ಪಡೆಯುವವನ ಪಾಲು ಉಳಿದಿದೆ. ಯಮ ಮೂರು ವರ ಕೊಟ್ಟಾಗ ನಚಿಕೇತ ಅಗ್ನಿವಿದ್ಯೆಗಿಂತ, ಮರಣರಹಸ್ಯಕ್ಕಿಂತ ಮೊದಲು ಕೇಳಿದ್ದು ಅಪ್ಪನ ಸಿಟ್ಟು ಇಳಿಯಲಿ, ಹಿಂದಿರುಗಿದಾಗ ತನ್ನನ್ನು ಗುರುತಿಸಿ ಮಾತಾಡಿಸಲಿ ಎಂದು. ಸಾವಿನ ಮನೆಯಿಂದ ಅಪ್ಪನಿಗಾಗಿ ತಂದ ಉಡುಗೊರೆ ಅದು, ಅದರೊಳಗೆ ಅಪ್ಪನಿಂದ ಬಯಸಿದ್ದೂ ಇದೆ. ಗುರುತಿಸುವುದು ಅಪ್ಪನ ಕೆಲಸ; ಆ ಕೆಲಸವನ್ನು ಅವನ ಪರವಾಗಿ ಯಮನೂ ಮಾಡಲಾರ. ನಮ್ಮ ಕಡೆ ಅಪ್ಪಂದಿರು ಕೊಡುವುದರಲ್ಲಿ ಗಟ್ಟಿಗರು, ತೆಗೆದುಕೊಳ್ಳುವುದರಲ್ಲಿ ಸಂಕೋಚದವರು. ಹಟ್ಟಿ ಗಣಿಯ ಪಾಳಿ ಮುಗಿಸಿ ಬಂದವರಿರಲಿ, ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ಬಂದವರಿರಲಿ, ಎರೆ ಹೊಲದಿಂದ ಬಂದವರಿರಲಿ, ಮಗು ಕೈಗಿತ್ತದ್ದನ್ನು ನೋಡಿ ಇದಕ್ಕೆಲ್ಲ ಯಾಕೆ ಹೊತ್ತು ಹಾಳು ಮಾಡಿದಿ, ಓದಿಕೋ ಹೋಗು ಎನ್ನುವುದನ್ನು ಪ್ರೀತಿಯೆಂದೇ ತಿಳಿದಿರುತ್ತಾರೆ. ಅದರ ಹಿಂದೆ ಒಂದು ಅಹಂಕಾರವೂ ಇದೆ: ಈ ಮನೆಯಲ್ಲಿ ಕೊಡುವವನು ನಾನೊಬ್ಬನೇ ಎಂಬುದು. ಮಧ್ವಮತದ ಕಟ್ಟುನಿಟ್ಟಿನ ಮಾತಿನಲ್ಲಿ ಅದು ಹರಿಯೊಬ್ಬನಿಗೆ ಸಲ್ಲುವ ಸ್ಥಾನ; ಅಪ್ಪನ ಸ್ವಾತಂತ್ರ್ಯವೂ ದತ್ತವೇ, ಅವನ ಕೈಯೂ ಇನ್ನೊಬ್ಬ ಅಪ್ಪ ಕೊಟ್ಟದ್ದೇ. ಹೊತ್ತು ಹಾಳಾಯಿತೆಂದು ಬೈಯುವ ಮೊದಲು ಆ ಹೊತ್ತು ಎಲ್ಲಿ ಹೋಯಿತೆಂದು ಮಣ್ಣೆತ್ತನ್ನು ತಿರುಗಿಸಿ ನೋಡಿದರೆ ಹೊಟ್ಟೆಯ ಕೆಳಗೆ ಮಗುವಿನ ಹೆಬ್ಬೆರಳಿನ ಗುರುತು ಸ್ಪಷ್ಟವಾಗಿಯೇ ಕಾಣುತ್ತದೆ.